ಗಾಡಿಗೆ ಮೊದಲು ಹತಾರ: ಸಂಚಾರಿ ಮೆಕ್ಯಾನಿಕ್‌ಗಳಿಗೆ ಸಾಲ ಕೊಡುವ ಕ್ರಮ ಬದಲಾಗಲಿ

ಮಾನ್ಯ ಸಂಪಾದಕರೇ,

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಲ್ಲಿ ಐಟಿಐ ಮುಗಿಸಿದ ಹಲವು ಯುವಕರು ಈಚೆಗೆ ಗ್ಯಾರೇಜಿನ ಬಾಡಿಗೆ, ಮುಂಗಡಗಳ ಗೊಡವೆಯೇ ಬೇಡವೆಂದು ಸಣ್ಣ ಸರಕು ವಾಹನವೊಂದರಲ್ಲಿ ಹತಾರಗಳನ್ನು ಇಟ್ಟುಕೊಂಡು, ಕೆಟ್ಟು ನಿಂತ ಟ್ರ್ಯಾಕ್ಟರ್, ಟಿಲ್ಲರ್, ಕಾರು ಎಲ್ಲಿದೆಯೋ ಅಲ್ಲಿಗೇ ಹೋಗಿ ರಿಪೇರಿ ಮಾಡಿಕೊಡುವ ಕೆಲಸಕ್ಕೆ ಇಳಿಯುತ್ತಿದ್ದಾರೆ. ಡೀಸೆಲ್ ಮೆಕ್ಯಾನಿಕ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಇಲ್ಲ. ಆದರೆ ಇವರಲ್ಲಿ ಹೆಚ್ಚಿನವರು ಕೆಲಸವನ್ನು ತಲೆಕೆಳಗಾಗಿ ಆರಂಭಿಸುತ್ತಿದ್ದಾರೆ. ಸಿಕ್ಕ ಸಾಲವನ್ನೆಲ್ಲ ಹೊಸ ವಾಹನಕ್ಕೆ ಸುರಿದು, ಹತಾರಕ್ಕೆ ಕೈಯಲ್ಲಿ ಹಣವಿಲ್ಲದೆ ಒಂದು ಚೀಲದಷ್ಟು ಅಗ್ಗದ ಸ್ಪ್ಯಾನರುಗಳೊಂದಿಗೆ ಹೊರಡುತ್ತಾರೆ. ಕಂತು ಕಟ್ಟುವ ಚಿಂತೆಯಲ್ಲಿ ಕೆಲವೇ ತಿಂಗಳಲ್ಲಿ ಅದೇ ವಾಹನದಲ್ಲಿ ತರಕಾರಿಯನ್ನೋ ಮರಳನ್ನೋ ಸಾಗಿಸಲು ತೊಡಗುತ್ತಾರೆ. ಇದರಲ್ಲಿ ಯುವಕರ ಆತುರದಷ್ಟೇ ನಮ್ಮ ಸಾಲದ ವ್ಯವಸ್ಥೆಯ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರೂ ಅವರಿಗೆ ಸಾಲ ಮಂಜೂರು ಮಾಡುವವರೂ ಓದಲಿ ಎಂದು ಈ ಪತ್ರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಇರುವ ಬೇಡಿಕೆ ನಗರದ ಬೇಡಿಕೆಯಂಥದ್ದಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಮದ್ದೂರು, ಪಾಂಡವಪುರ, ಕೃಷ್ಣರಾಜಪೇಟೆ ರಸ್ತೆಗಳಲ್ಲಿ ಟ್ರೇಲರುಗಳನ್ನು ಎಳೆದುಕೊಂಡು ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳಲ್ಲಿ ಒಂದು ದಾರಿಯಲ್ಲಿ ಕೆಟ್ಟು ನಿಂತರೆ ನಷ್ಟವಾಗುವುದು ಟ್ರ್ಯಾಕ್ಟರಿನ ಮಾಲೀಕನಿಗೆ ಮಾತ್ರವಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ಉಳಿದಷ್ಟೂ ತೂಕ ಇಳಿಯುತ್ತದೆ, ರಸದಲ್ಲಿನ ಸಕ್ಕರೆಯ ಅಂಶವೂ ಕಡಿಮೆಯಾಗುತ್ತದೆ. ಹಾಗಾಗಿ ಕಬ್ಬು ಬೆಳೆದವನಿಗೂ ಪೆಟ್ಟು ಬೀಳುತ್ತದೆ. ಆಲೆಮನೆಯ ಗಾಣ ತಿರುಗಿಸುವ ಎಂಜಿನ್ ನಿಂತರೆ ಕೊಪ್ಪರಿಗೆಯ ಮುಂದೆ ನಿಂತ ಆಳುಗಳೆಲ್ಲ ಸುಮ್ಮನೆ ಕೂರಬೇಕಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಿಟ್ಟ ಮೇಲೆ ನಾಟಿಗೆ ಗದ್ದೆ ಹದ ಮಾಡುವ ದಿನಗಳಲ್ಲಿ ಪವರ್ ಟಿಲ್ಲರಿನ ಬೆಲ್ಟ್ ಹರಿದರೆ, ಅಷ್ಟು ಭಾರದ ಯಂತ್ರವನ್ನು ಕೆಸರಿನಿಂದ ಎತ್ತಿ ಪೇಟೆಯ ಗ್ಯಾರೇಜಿಗೆ ಸಾಗಿಸುವ ಖರ್ಚು ಎಷ್ಟೋ ಸಲ ರಿಪೇರಿಯ ಖರ್ಚಿಗಿಂತ ಹೆಚ್ಚು. ಭತ್ತದ ಕೊಯ್ಲಿಗೆ ಬರುವ ಯಂತ್ರಗಳ ಸ್ಥಿತಿಯೂ ಇದೇ. ಇವುಗಳ ಜೊತೆಗೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಗಿದೆ. ಹೀಗಾಗಿ ನಮ್ಮ ರೈತರ ವಾಹನಗಳೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ಆ ಕಿರಿದಾದ ದಾರಿಯಲ್ಲಿ ಒಂದು ಟ್ರೇಲರಿನ ಚಕ್ರ ಕಳಚಿದರೂ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಇಂಥ ಜಾಗಗಳಿಗೆ ಹತಾರ ಸಮೇತ ಬರಬಲ್ಲ ಒಬ್ಬ ನುರಿತ ಮೆಕ್ಯಾನಿಕ್ ಹೋಬಳಿಗೆ ಒಬ್ಬನಿದ್ದರೂ ಅವನಿಗೆ ಕೆಲಸದ ಕೊರತೆಯಾಗದು.

ಹಾಗಿದ್ದರೆ ಎಲ್ಲಿಂದ ಆರಂಭಿಸಬೇಕು? ನನ್ನ ಉತ್ತರ ಸ್ಪಷ್ಟ: ಹತಾರದಿಂದ. ಒಳ್ಳೆಯ ಹತಾರ ಇರುವವನು ಹಳೆಯ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೋದರೂ ಎಂಜಿನ್ ಚಾಲೂ ಮಾಡಿ ಬರುತ್ತಾನೆ. ಹತಾರವಿಲ್ಲದವನು ಹೊಸ ವಾಹನದಲ್ಲಿ ಹೋದರೂ ಬಿಡಿಭಾಗ ತರುತ್ತೇನೆಂದು ಹೇಳಿ ವಾಪಸು ಬರಬೇಕಾಗುತ್ತದೆ. ಮೊದಲ ಹಂತದಲ್ಲಿ ಬೇಕಾದದ್ದು ಬಹಳವೇನಲ್ಲ: 6ರಿಂದ 32 ಮಿ.ಮೀ. ವರೆಗಿನ ಓಪನ್ ಮತ್ತು ರಿಂಗ್ ಸ್ಪ್ಯಾನರುಗಳು, ಅರ್ಧ ಇಂಚಿನ ಡ್ರೈವಿನ ಸಾಕೆಟ್ ಸೆಟ್, ಬೋಲ್ಟನ್ನು ಅಳತೆಯ ಬಿಗಿಗೆ ಕೂರಿಸುವ ಒಂದು ಟಾರ್ಕ್ ರೆಂಚ್, ಅಲನ್ ಕೀಗಳು, ಫೀಲರ್ ಗೇಜ್, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ದಪ್ಪ ತಾಮ್ರದ ಜಂಪರ್ ಕೇಬಲ್, ಗ್ರೀಸ್ ಗನ್, ಬೇರಿಂಗ್ ಪುಲ್ಲರ್, 10 ಟನ್ನಿನ ಬಾಟಲ್ ಜಾಕ್ ಮತ್ತು ಅದಕ್ಕೆ ಜೊತೆಯಾಗಿ ಎರಡು ಸ್ಟ್ಯಾಂಡುಗಳು. ಇವುಗಳಲ್ಲಿ ಸ್ಪ್ಯಾನರ್ ಮತ್ತು ಸಾಕೆಟ್‌ಗಳ ಮಟ್ಟಿಗೆ ಕಂಜೂಸು ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಮೆತ್ತಗಿನ ಲೋಹದ ಸಾಕೆಟ್ ಅಗಲಗೊಂಡು ನಟ್ಟಿನ ಮೂಲೆಗಳನ್ನು ಸವೆಸಿಬಿಟ್ಟರೆ ಹತ್ತು ನಿಮಿಷದ ಕೆಲಸ ಅರ್ಧ ದಿನ ಹಿಡಿಯುತ್ತದೆ. ಗ್ಯಾರೇಜಿನಲ್ಲಾದರೆ ಪಕ್ಕದವನಿಂದ ಇನ್ನೊಂದು ಸಾಕೆಟ್ ಕೇಳಿ ಪಡೆಯಬಹುದು, ಗದ್ದೆಯ ಬದುವಿನಲ್ಲಿ ಆ ಅನುಕೂಲವಿಲ್ಲ. ಟಾರ್ಕ್ ರೆಂಚಿನ ಬಗ್ಗೆ ನಮ್ಮ ಅನೇಕ ಮೆಕ್ಯಾನಿಕ್‌ಗಳಿಗೆ ಈಗಲೂ ತಾತ್ಸಾರವಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಯ ಬಲವೆಲ್ಲ ಹಾಕಿ ಬಿಗಿಯುವುದನ್ನೇ ಗಟ್ಟಿ ಕೆಲಸವೆಂದು ಅವರು ತಿಳಿದಿದ್ದಾರೆ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳು ಒಂದೇ ಬಿಗಿಯಲ್ಲಿ, ಕಂಪನಿ ಹೇಳಿದ ಅನುಕ್ರಮದಲ್ಲಿ ಕೂರದಿದ್ದರೆ ಗ್ಯಾಸ್ಕೆಟ್ ಮತ್ತೆ ಒಡೆದು ಸೋರುತ್ತದೆ, ಮೆಕ್ಯಾನಿಕ್‌ನ ಹೆಸರೂ ಅದರ ಜೊತೆಗೇ ಹೋಗುತ್ತದೆ.

ರೋಗ ಪತ್ತೆಮಾಡುವ ಸಾಧನಗಳ ವಿಷಯದಲ್ಲಿ ಕಾಲ ಬದಲಾಗಿರುವುದನ್ನೂ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾಗುತ್ತಿರುವ ಕಾರು ಮತ್ತು ಸರಕು ವಾಹನಗಳಲ್ಲಿ ವಾಹನದ ಕಂಪ್ಯೂಟರಿನಿಂದ ದೋಷದ ಸಂಕೇತ ಓದುವ ಸ್ಕ್ಯಾನರ್ ಇಲ್ಲದೆ ದೋಷ ಹುಡುಕುವುದು ಕುರುಡು ಕೆಲಸವಾಗುತ್ತದೆ. ಟ್ರ್ಯಾಕ್ಟರುಗಳಲ್ಲಿ ಪರಿಸ್ಥಿತಿ ಬೇರೆ. 50 ಅಶ್ವಶಕ್ತಿಗಿಂತ ಹೆಚ್ಚಿನವುಗಳಿಗೆ 2023ರ ಆರಂಭದಿಂದ ಕಠಿಣ ಹೊಗೆ ನಿಯಮ ಬಂದು, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್‌ಗಳು ಬಂದಿವೆ. ಆದರೆ ನಮ್ಮ ಸಣ್ಣ ಹಿಡುವಳಿಗಳಲ್ಲಿ ಓಡುವ ಬಹುಪಾಲು ಟ್ರ್ಯಾಕ್ಟರುಗಳು ಅದಕ್ಕಿಂತ ಕಡಿಮೆ ಶಕ್ತಿಯವು, ಅವುಗಳಲ್ಲಿ ಹಳೆಯ ಮಾದರಿಯ ಪಂಪೇ ಇದೆ. ಎರಡು ತಲೆಮಾರಿನ ಎಂಜಿನ್‌ಗಳನ್ನು ಒಬ್ಬನೇ ಮೆಕ್ಯಾನಿಕ್ ಮುಟ್ಟಬೇಕಾದ ಈ ಕಾಲದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹಳೆಯ ಎಂಜಿನ್ನಿನಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುವ ರೂಢಿಯಿದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹೀಗೆ ಮಾಡಿದರೆ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿರುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೇ ಕತ್ತರಿಸಬೇಕಾದೀತು. ಇಂಥ ಗಾಯವಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ನೋವಿಲ್ಲವೆಂದು ಕಾಯಬಾರದು. ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ಕೇಬಲ್‌ಗಳ ವಿಷಯದಲ್ಲೂ ಅಷ್ಟೇ: ಅದಕ್ಕೆಂದೇ ತರಬೇತಿ ಪಡೆಯದವರು ಅವನ್ನು ಮುಟ್ಟಲೇಬಾರದು.

ಕೈಗೆ ಕೆಲಸ ಕುದುರಿ, ಬೈಕಿನ ಪೆಟ್ಟಿಗೆ ಸಾಲದೆಂದು ಅನ್ನಿಸಿದ ಮೇಲೆ ವಾಹನದ ಮಾತು. ಹಳೆಯ ಓಮ್ನಿ, ಈಕೊ, ಟಾಟಾ ಏಸ್, ಸೂಪರ್ ಕ್ಯಾರಿ, ಬೊಲೆರೊ ಪಿಕಪ್ ಇವುಗಳಲ್ಲಿ ಯಾವುದು ಉತ್ತಮವೆಂದು ಯುವಕರು ನನ್ನನ್ನು ಕೇಳುತ್ತಾರೆ. ಎಷ್ಟು ಕೆ.ಜಿ. ಹೊರಬೇಕೆಂದು ತೂಗಿ ನೋಡದೆ ಈ ಪ್ರಶ್ನೆಗೆ ಉತ್ತರವಿಲ್ಲ. ಏಸ್ ಮಾದರಿಯ ಸಣ್ಣ ವಾಹನಗಳು ಹೊರಬಲ್ಲದ್ದು ಸುಮಾರು ಮುಕ್ಕಾಲು ಟನ್. ಅದು ಹೇರಳವೆಂದು ತೋರುತ್ತದೆ, ಆದರೆ ಲೆಕ್ಕ ಹಾಕಿದರೆ ಬೇಗ ಮುಗಿಯುತ್ತದೆ. ಒಂದು ಚದರ ಮೀಟರ್ ಕಬ್ಬಿಣದ ತಗಡು ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 7.85 ಕೆ.ಜಿ. ತೂಗುತ್ತದೆ. ಎರಡೂ ಬದಿಗೆ ರ್‍ಯಾಕ್ ಮಾಡಿಸಲು 6 ಚದರ ಮೀಟರ್ ತಗಡು ಬೇಕೆಂದಿಟ್ಟುಕೊಳ್ಳಿ. ಗಟ್ಟಿಯಾಗಿರಲೆಂದು 2 ಮಿ.ಮೀ. ತಗಡು ಹಾಕಿಸಿದರೆ ಬರಿಯ ರ್‍ಯಾಕೇ 94 ಕೆ.ಜಿ. ಆಗುತ್ತದೆ, 1.2 ಮಿ.ಮೀ. ಹಾಕಿಸಿ ಅಂಚುಗಳನ್ನು ಮಡಿಸಿದರೆ 57 ಕೆ.ಜಿ.ಗೆ ಇಳಿಯುತ್ತದೆ, ಬಲವೂ ಸಾಕಾಗುತ್ತದೆ. ಆ ಮೂವತ್ತೇಳು ಕೆ.ಜಿ. ವ್ಯತ್ಯಾಸದಲ್ಲಿ ಒಂದು ದೊಡ್ಡ ಬ್ಯಾಟರಿಯನ್ನೋ ಟ್ರಾಲಿ ಜಾಕನ್ನೋ ಒಯ್ಯಬಹುದು. ಜನರೇಟರ್, ಕಂಪ್ರೆಸರ್, ಬ್ಯಾಟರಿ, ಆಯಿಲ್ ಡಬ್ಬಗಳು, ಇಬ್ಬರು ಮನುಷ್ಯರು ಎಲ್ಲರನ್ನೂ ಸೇರಿಸಿ, ಪೂರ್ತಿ ಸಜ್ಜಾದ ವಾಹನವನ್ನು ಒಮ್ಮೆ ತೂಕದ ಸೇತುವೆಗೆ (ವೇಬ್ರಿಡ್ಜ್) ಒಯ್ದು, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸುವುದು ಒಳ್ಳೆಯದು. ಕಬ್ಬಿನ ಸೀಮೆಯಲ್ಲಿ ತೂಕದ ಸೇತುವೆಗೆ ಬರವಿಲ್ಲ.

ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಎಷ್ಟು ಎಂಬುದರಷ್ಟೇ ಮುಖ್ಯ. ಭಾರದ ವಸ್ತುಗಳು ಕೆಳಗೆ, ಹಿಂದಿನ ಆಕ್ಸಲ್ಲಿನ ನೇರಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮುಂದಕ್ಕೆ, ಎಡಬಲ ಸಮವಾಗಿ ಇರಬೇಕು. ಜನರೇಟರನ್ನು ಇಳಿಸಲು ಸುಲಭವೆಂದು ಹಿಂಬಾಗಿಲಿನ ಅಂಚಿನಲ್ಲಿಟ್ಟರೆ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟಿಯರಿಂಗ್ ಹಗುರವಾಗುತ್ತದೆ. ನಾಲೆಯ ಏರಿಯ ಮೇಲೆ ಹೋಗುವಾಗ ಅದು ಅಪಾಯಕಾರಿ. ಪ್ರತಿ ಪೆಟ್ಟಿಗೆಯನ್ನೂ ಬೋಲ್ಟಿನಿಂದಲೋ ಪಟ್ಟಿಯಿಂದಲೋ ಕಟ್ಟಿರಬೇಕು. ಬ್ರೇಕ್ ಹಾಕಿದಾಗ ಸಡಿಲವಾಗಿದ್ದ ಜಾಕ್ ಚಾಲಕನ ಬೆನ್ನಿಗೇ ಬರುತ್ತದೆ. ಆದ್ದರಿಂದ ಚಾಲಕನ ಆಸನಕ್ಕೂ ಹತಾರಗಳಿಗೂ ನಡುವೆ ಗಟ್ಟಿಯಾದ ಜಾಲರಿಯೋ ಹಲಗೆಯೋ ಇಲ್ಲದ ವ್ಯಾನನ್ನು ಈ ಕೆಲಸಕ್ಕೆ ಬಳಸಬಾರದು. ನಿತ್ಯ ಬಳಸುವ ಹತಾರಗಳನ್ನು ಬದಿಯ ಬಾಗಿಲಿನ ಬಳಿ, ಎದೆಯ ಎತ್ತರದಲ್ಲಿ, ಪ್ರತಿಯೊಂದಕ್ಕೂ ಅದರದೇ ಆಕಾರದ ಗುರುತು ಬರೆದು ಜೋಡಿಸಿದರೆ ಕತ್ತಲಲ್ಲಿ ಹೊರಡುವ ಮುನ್ನ ಯಾವುದು ಗದ್ದೆಯಲ್ಲೇ ಉಳಿಯಿತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕಾನೂನಿನ ವಿಷಯದಲ್ಲಿ ಯುವಕರಿಗೆ ಅನಗತ್ಯ ಭಯವೂ ಇದೆ, ಅನಗತ್ಯ ಧೈರ್ಯವೂ ಇದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ ಪರ್ಮಿಟ್ ಬೇಕಿಲ್ಲ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿದಿದೆ. ಇವು ಧೈರ್ಯ ಕೊಡುವ ಸಂಗತಿಗಳು. ಆದರೆ ಅದೇ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಒಳಗೆ ಬೋಲ್ಟಿನಿಂದ ಕೂರಿಸಿದ ರ್‍ಯಾಕಿಗೂ, ಬಾಡಿಯನ್ನೇ ಕತ್ತರಿಸಿ ಎತ್ತರಿಸುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಮಾಡಿಸುವವರು ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಬೇಕು. ವಾಹನದ ಸಾಮಾನ್ಯ ವಿಮೆ ಒಳಗಿನ ಹತಾರಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಅವುಗಳಿಗೆ ಪ್ರತ್ಯೇಕ ವಿಮೆ ಮಾಡಿಸುವುದೂ ಅಗತ್ಯ.

ವಿದ್ಯುತ್ತಿನ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ಅನುಮತಿ ಬೇಡುತ್ತೇನೆ, ಏಕೆಂದರೆ ಹೆಚ್ಚಿನ ಹಣ ವ್ಯರ್ಥವಾಗುವುದೂ ಬೆಂಕಿ ಹೊತ್ತಿಕೊಳ್ಳುವುದೂ ಇಲ್ಲಿಯೇ. ಅಂಗಡಿಯವನು ಕೊಟ್ಟ ಇನ್ವರ್ಟರನ್ನು ವಾಹನದ ಬ್ಯಾಟರಿಗೇ ಸಿಕ್ಕಿಸಿ ಗ್ರೈಂಡರ್ ಓಡಿಸುವುದನ್ನು ನೋಡಿದ್ದೇನೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಕೆಲವು ಕ್ಷಣ ದೊಡ್ಡ ಕರೆಂಟ್ ಕೊಡಲು ರೂಪಿಸಿದ್ದು. ಅದನ್ನು ಮತ್ತೆ ಮತ್ತೆ ಆಳಕ್ಕೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಆಗ ರಿಪೇರಿಗೆ ಹೋದವನ ಗಾಡಿಯೇ ಚಾಲೂ ಆಗುವುದಿಲ್ಲ. ಹತಾರಗಳಿಗೆ ಬೇರೆಯೇ ಬ್ಯಾಟರಿ ಇರಬೇಕು, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಸೇರಿಸುವ ಐಸೊಲೇಟರ್ ನಡುವೆ ಇರಬೇಕು. 12 ವೋಲ್ಟಿನ 100 ಆಂಪಿಯರ್–ಗಂಟೆಯ ಬ್ಯಾಟರಿಯಲ್ಲಿ ಕಾಗದದ ಮೇಲೆ 1,200 ವ್ಯಾಟ್–ಗಂಟೆ ಶಕ್ತಿ ಇದೆ. ಸೀಸ–ಆಮ್ಲದ ಬ್ಯಾಟರಿಯಾದರೆ ಅದರ ಬಾಳಿಕೆಯ ದೃಷ್ಟಿಯಿಂದ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ಉಳಿಯುವ 600ರಲ್ಲಿ 700 ವ್ಯಾಟಿನ ನಾಲ್ಕಿಂಚಿನ ಗ್ರೈಂಡರ್ ಇನ್ವರ್ಟರಿನ ನಷ್ಟವನ್ನೂ ಕಳೆದರೆ ಮುಕ್ಕಾಲು ಗಂಟೆಯಷ್ಟು ಓಡುತ್ತದೆ. ಬಿಡಿ ಕೆಲಸಗಳಿಗೆ ಇಷ್ಟು ಸಾಕು. ಆದರೆ ಅದೇ 700 ವ್ಯಾಟಿಗೆ 12 ವೋಲ್ಟಿನ ಬದಿಯ ತಂತಿಯಲ್ಲಿ 60 ಆಂಪಿಯರಿಗೂ ಮೇಲ್ಪಟ್ಟ ಕರೆಂಟ್ ಹರಿಯುತ್ತದೆ ಎಂಬುದನ್ನು ಮರೆಯಬಾರದು. ಮನೆಯ ವೈರಿಂಗಿನ ತಂತಿಯನ್ನು ಅಲ್ಲಿ ಬಳಸಿದರೆ ಅದು ಕಾದು ಕರಗುತ್ತದೆ. ದಪ್ಪ ಬ್ಯಾಟರಿ ಕೇಬಲ್, ಸಾಧ್ಯವಾದಷ್ಟು ಕಡಿಮೆ ಉದ್ದ, ಬ್ಯಾಟರಿಯ ಟರ್ಮಿನಲ್ಲಿಗೆ ಆದಷ್ಟು ಹತ್ತಿರದಲ್ಲಿ ತಕ್ಕ ಫ್ಯೂಸ್: ಇವುಗಳಲ್ಲಿ ರಿಯಾಯಿತಿ ಕೂಡದು.

ವೆಲ್ಡಿಂಗ್ ಮಾಡುವವರಿಗೆ ಬ್ಯಾಟರಿ ಸಾಲದು, ಜನರೇಟರ್ ಬೇಕೇ ಬೇಕು. 2.5 ಮಿ.ಮೀ. ರಾಡಿನಲ್ಲಿ 80 ಆಂಪಿಯರಿನ ಬೆಸುಗೆಗೆ ರಾಡಿನ ತುದಿಯಲ್ಲೇ 1.8 ಕಿಲೋವ್ಯಾಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಯಂತ್ರದ ನಷ್ಟ ಮತ್ತು ಪವರ್ ಫ್ಯಾಕ್ಟರ್ ಸೇರಿಸಿದರೆ 3 ಕೆವಿಎ ಜನರೇಟರ್ ಅದಕ್ಕೇ ಏದುಸಿರು ಬಿಡುತ್ತದೆ. ಟ್ರೇಲರಿನ ಚಾಸಿಯಂಥ ದಪ್ಪ ಕಬ್ಬಿಣಕ್ಕೆ 3.15 ಮಿ.ಮೀ. ರಾಡ್ ಬಳಸಬೇಕಾದರೆ 5 ಕೆವಿಎಯ ಜನರೇಟರನ್ನೇ ಕೊಳ್ಳಬೇಕು. ಅದರ ತೂಕವನ್ನು ಮೇಲೆ ಹೇಳಿದ ಲೆಕ್ಕಕ್ಕೆ ಮೊದಲೇ ಸೇರಿಸಬೇಕು. ಜನರೇಟರನ್ನು ಮುಚ್ಚಿದ ವ್ಯಾನಿನ ಒಳಗೆ ಓಡಿಸಬಾರದು, ಅದರ ಹೊಗೆಯ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಲೆಕ್ಟ್ರಾನಿಕ್ ನಿಯಂತ್ರಣವಿರುವ ವಾಹನಕ್ಕೆ ಬೆಸುಗೆ ಹಾಕುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಅರ್ತಿಂಗ್ ಕ್ಲ್ಯಾಂಪನ್ನು ಬೆಸುಗೆಯ ಜಾಗದ ಪಕ್ಕದಲ್ಲೇ ಹಾಕಬೇಕು. ಡೀಸೆಲ್ ಟ್ಯಾಂಕ್ ಖಾಲಿಯಾಗಿದ್ದರೂ ಅದಕ್ಕೆ ಬೆಸುಗೆ ಮುಟ್ಟಿಸಬಾರದು, ಖಾಲಿ ಟ್ಯಾಂಕಿನ ಆವಿಯೇ ಸ್ಫೋಟಿಸುತ್ತದೆ. ಇನ್ನು ಕಪ್ಪು ಬಣ್ಣದ ಆಕ್ಸಿಜನ್, ಕಂದುಗೆಂಪು ಬಣ್ಣದ ಅಸಿಟಿಲಿನ್ ಸಿಲಿಂಡರುಗಳನ್ನು ಹೊಸಬರು ವಾಹನದಲ್ಲಿ ಇಟ್ಟುಕೊಳ್ಳದಿರುವುದೇ ಲೇಸು ಎಂಬುದು ನನ್ನ ಸಲಹೆ. ಅಸಿಟಿಲಿನ್ನನ್ನು ಮಲಗಿಸಿ ಸಾಗಿಸಬಾರದು, ಆಕ್ಸಿಜನ್ನಿನ ವಾಲ್ವಿಗೆ ಗ್ರೀಸ್ ಮೆತ್ತಿದ ಕೈ ತಾಕಬಾರದು, ಎರಡನ್ನೂ ಗಾಳಿಯಾಡದ ವ್ಯಾನಿನಲ್ಲಿ ಇಡಬಾರದು. ಮೆಕ್ಯಾನಿಕ್‌ನ ವ್ಯಾನಿನಲ್ಲಿ ಈ ಮೂರೂ ತಪ್ಪುಗಳು ಒಟ್ಟಿಗೇ ಆಗುವ ಸಾಧ್ಯತೆ ಹೆಚ್ಚು. ಗ್ಯಾಸ್ ಕಟಿಂಗ್ ಬೇಕಾದ ಕೆಲಸವನ್ನು ಪೇಟೆಯ ಅಂಗಡಿಗೆ ಕಳಿಸುವುದರಲ್ಲಿ ಅವಮಾನವೇನಿಲ್ಲ.

ಗ್ಯಾರೇಜಿನ ಗಾರೆ ನೆಲದ ಮೇಲೆ ಕಲಿತವನಿಗೆ ಗದ್ದೆಯ ನೆಲ ಹೊಸದು. ಮೆತ್ತಗಿನ ಮಣ್ಣಿನಲ್ಲಿ ಬಾಟಲ್ ಜಾಕ್ ಎತ್ತುವ ಬದಲು ತಾನೇ ಹೂತುಹೋಗುತ್ತದೆ, ಇಲ್ಲವೇ ವಾಲುತ್ತದೆ. ಎರಡು ಮೂರು ಅಂಗುಲ ದಪ್ಪದ, ಒಂದೂವರೆ ಅಡಿ ಅಗಲದ ಗಟ್ಟಿ ಮರದ ಹಲಗೆಗಳು ಮತ್ತು ಚಕ್ರಕ್ಕೆ ಕೊಡುವ ಆನಿಕೆಗಳು ವಾಹನದಲ್ಲಿ ಯಾವಾಗಲೂ ಇರಬೇಕು. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಸ್ಟ್ಯಾಂಡ್ ಕೊಡದೆ ಯಾರೂ ಕೆಳಗೆ ನುಸುಳಬಾರದು. ಹೈಡ್ರಾಲಿಕ್ ಟ್ರೇಲರಿನ ತೊಟ್ಟಿಯನ್ನು ಮೇಲೆತ್ತಿ ಅದರ ಕೆಳಗೆ ಕೆಲಸ ಮಾಡುವಾಗ ಗಟ್ಟಿಯಾದ ಊರೆ ಕೊಡದಿದ್ದರೆ, ಒಂದು ಹೋಸ್ ಪೈಪ್ ಒಡೆದರೂ ತೊಟ್ಟಿ ಕ್ಷಣಾರ್ಧದಲ್ಲಿ ಕೆಳಗೆ ಬೀಳುತ್ತದೆ. ಈ ರೀತಿ ಜೀವ ಕಳೆದುಕೊಂಡವರ ಸುದ್ದಿಯನ್ನು ಓದುವಾಗಲೆಲ್ಲ, ಒಂದು ಮರದ ದಿಮ್ಮಿ ಸಾಕಾಗಿತ್ತಲ್ಲ ಎಂದು ಸಂಕಟವಾಗುತ್ತದೆ. ಟ್ರ್ಯಾಕ್ಟರಿನ ಎಂಜಿನ್ ಬಲವನ್ನು ಬೇರೆ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್ ತಿರುಗುತ್ತಿರುವಾಗ ಹತ್ತಿರ ಹೋಗಬಾರದು. ಟವೆಲು, ಲುಂಗಿ, ಸಡಿಲ ಅಂಗಿಗಳು ಈ ಕೆಲಸದ ಉಡುಪಲ್ಲ.

ಹೆದ್ದಾರಿಯಲ್ಲಿ ಕೆಟ್ಟು ನಿಂತ ವಾಹನಕ್ಕೆ ಕರೆ ಬಂದಾಗ ಆಸೆಯನ್ನು ಅದುಮಿಕೊಳ್ಳಬೇಕಾಗುತ್ತದೆ. ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದ ಅಂಚಿನಲ್ಲಿ ಬಾನೆಟ್ ಎತ್ತಿ ಕೆಲಸ ಮಾಡುವುದು ಪ್ರಾಣದೊಂದಿಗೆ ಆಟ. ಅಲ್ಲಿ ಮಾಡಬೇಕಾದದ್ದು ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೆ ತಿಳಿಸಿ, ಪ್ರಯಾಣಿಕರನ್ನು ತಡೆಬೇಲಿಯ ಆಚೆಗೆ ಕಳಿಸಿ, ವಾಹನವನ್ನು ಸರ್ವಿಸ್ ರಸ್ತೆಗೆ ಎಳೆಸುವುದು. ರಿಪೇರಿ ಅದರ ನಂತರದ ಮಾತು. ಪ್ರತಿಫಲಿಸುವ ತ್ರಿಕೋನಗಳು, ಹೊಳೆಯುವ ಜಾಕೆಟ್, ತಲೆಗೆ ಕಟ್ಟುವ ದೀಪ, 6 ಕೆ.ಜಿ. ಡ್ರೈ ಪೌಡರ್ ಅಗ್ನಿಶಾಮಕ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಲ್ಲದೆ ಯಾವ ವಾಹನವೂ ಮನೆಯಿಂದ ಹೊರಡಬಾರದು.

ತೆಗೆದ ಹಳೆಯ ಎಂಜಿನ್ ಆಯಿಲನ್ನು ನಾಲೆಗೋ ಬದುವಿಗೋ ಸುರಿದು ಬರುವ ಚಾಳಿ ನಿಲ್ಲಲೇಬೇಕು. ಆ ನೀರು ನಮ್ಮದೇ ಗದ್ದೆಗೆ, ನಮ್ಮದೇ ದನಗಳ ಬಾಯಿಗೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಸೇರಬೇಕು. ವಾಹನದಲ್ಲಿ ಮುಚ್ಚಳ ಬಿಗಿಯಾದ ಕ್ಯಾನೊಂದನ್ನು ಅದಕ್ಕೆಂದೇ ಇಟ್ಟರೆ ಸಾಕು.

ಹಣಕಾಸಿನ ನಡತೆಯ ಬಗ್ಗೆ ಒಂದೆರಡು ಮಾತು. ಕರೆ ಬಂದ ಕೂಡಲೇ ಹೊರಡುವ ಬದಲು ಯಂತ್ರದ ಮಾದರಿ, ತಯಾರಾದ ವರ್ಷ, ನಿಲ್ಲುವ ಮುನ್ನ ಬಂದ ಶಬ್ದ, ಹೊಗೆಯ ಬಣ್ಣ, ಈಚೆಗೆ ಡೀಸೆಲ್ ಖಾಲಿಯಾಗಿತ್ತೇ ಎಂಬುದನ್ನೆಲ್ಲ ಕೇಳಿ, ಸಾಧ್ಯವಾದರೆ ವಿಡಿಯೊ ತರಿಸಿಕೊಂಡು ನೋಡಿದರೆ ತಕ್ಕ ಫಿಲ್ಟರ್, ಬೆಲ್ಟ್, ವಾಷರುಗಳೊಂದಿಗೆ ಹೋಗಬಹುದು. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದ ಪ್ರಕರಣಗಳನ್ನು ಎಷ್ಟೋ ಸಲ ಫೋನಿನಲ್ಲೇ ಹೇಳಿಕೊಟ್ಟು ಬಗೆಹರಿಸಬಹುದು. ಹಾಗೆ ಬಗೆಹರಿಸಿದವನನ್ನು ರೈತ ಮರೆಯುವುದಿಲ್ಲ. ಹೋಗಿಬರುವ ವೆಚ್ಚ ಎಷ್ಟು, ಕೂಲಿ ಎಷ್ಟು ಎಂಬುದನ್ನು ಹೊರಡುವ ಮೊದಲೇ ಹೇಳಬೇಕು. ಕೆಲಸವಾದ ಮೇಲೆ ಬದಲಿಸಿದ ಹಳೆಯ ಭಾಗವನ್ನು ಮಾಲೀಕರ ಕೈಗೇ ಕೊಟ್ಟು, ರಸೀದಿ ಬರೆದುಕೊಡಬೇಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮುಟ್ಟುವವರೆಗೆ ಸೇವಾ ಕೆಲಸಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೂ ಲೆಕ್ಕದ ಪುಸ್ತಕ ಮೊದಲ ದಿನದಿಂದಲೇ ಇರಬೇಕು. ಮುಂದೆ ಬ್ಯಾಂಕಿನವರು ಕೇಳುವುದು ಅದನ್ನೇ.

ಈಗ ಸಾಲದ ವಿಷಯಕ್ಕೆ ಬರುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹತಾರಕ್ಕೆಂದೇ 15,000 ರೂಪಾಯಿಯ ನೆರವು ಇದೆ. ಹತಾರವೇ ಕಸುಬಿನ ಮೂಲವೆಂದು ಒಪ್ಪಿಕೊಂಡ ಒಳ್ಳೆಯ ಯೋಜನೆ ಅದು. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರರು, ಬಡಗಿಗಳು, ಬೀಗ ಮಾಡುವವರು ಇದ್ದಾರೆಯೇ ಹೊರತು ಮೋಟಾರು ಮೆಕ್ಯಾನಿಕ್‌ಗಳಿಲ್ಲ. ಉಳಿಯುವುದು ಮುದ್ರಾ ಮತ್ತು ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಗಳು. ಮುದ್ರಾದಲ್ಲಿ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಉದ್ಯೋಗ ಸೃಜನ ಯೋಜನೆಯಲ್ಲಿ ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದ್ದು, ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಶೇ 25, ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರು ಮುಂತಾದವರಿಗೆ ಶೇ 35 ಸಹಾಯಧನವಿದೆ. ಕಾಗದದ ಮೇಲೆ ದಾರಿ ತೆರೆದೇ ಇದೆ.

ತೊಡಕು ಇರುವುದು ಶಾಖೆಯ ಮೇಜಿನ ಮುಂದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹತಾರ, ಜನರೇಟರ್, ಹಳೆಯ ವ್ಯಾನು ಎಲ್ಲವನ್ನೂ ಸೇರಿಸಿದ ಒಂದೇ ಯೋಜನಾ ವರದಿಯೊಂದಿಗೆ ಬ್ಯಾಂಕೊಂದಕ್ಕೆ ಹೋದಾಗ, ಹತಾರಕ್ಕೆ ಸಾಲ ಕೊಟ್ಟರೆ ಅಡಮಾನಕ್ಕೆ ಏನಿದೆ, ಹೊಸ ವಾಹನಕ್ಕಾದರೆ ನಾಳೆಯೇ ಮಾಡಿಕೊಡುತ್ತೇವೆ ಎಂಬ ಉತ್ತರ ಬಂದಿತು. ಅವನು ಹೊಸ ವಾಹನವನ್ನೇ ಕೊಂಡ. ಈಗ ಅದರಲ್ಲಿ ನರ್ಸರಿಯ ಗಿಡಗಳನ್ನು ಸಾಗಿಸುತ್ತಿದ್ದಾನೆ, ಡೀಸೆಲ್ ಪಂಪಿನ ಕೆಲಸದಲ್ಲಿ ಅವನಿಗಿದ್ದ ಕೈಚಳಕ ಯಾರಿಗೂ ಒದಗುತ್ತಿಲ್ಲ. ಆ ಅಧಿಕಾರಿಯ ಮೇಲೆ ನನಗೆ ಕೋಪವಿಲ್ಲ. ವಾಹನಕ್ಕೆ ನೋಂದಣಿ ಪುಸ್ತಕವಿದೆ, ತಪ್ಪಿದರೆ ಎಳೆದೊಯ್ಯಬಹುದು, ಸಾಕೆಟ್ ಸೆಟ್ಟನ್ನು ಹಾಗೆ ಮಾಡಲಾಗದು ಎಂಬ ಅವರ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಕಂತು ಕಟ್ಟುವುದು ವಾಹನವಲ್ಲ, ಅದರೊಳಗಿನ ಹತಾರ ಎಂಬುದು ಅವರಿಗೂ ಅರ್ಥವಾಗಬೇಕು.

ಆದ್ದರಿಂದ ಎರಡೂ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸಾಲ ಯೋಜನೆಗಳನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಲ್ಲಿ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನನ್ನ ವಿನಂತಿ ಇಷ್ಟು. ಸಂಚಾರಿ ಮೆಕ್ಯಾನಿಕ್ ಘಟಕಕ್ಕೆ ಒಂದು ಮಾದರಿ ಯೋಜನಾ ವರದಿಯನ್ನು ಸಿದ್ಧಪಡಿಸಿ ಎಲ್ಲ ಶಾಖೆಗಳಿಗೂ ಕಳಿಸಿ. ಅದರಲ್ಲಿ ಸಾಲವನ್ನು ಎರಡು ಹಂತಗಳಲ್ಲಿ ಬಿಡುಗಡೆ ಮಾಡುವ ಕ್ರಮವಿರಲಿ: ಮೊದಲು ಹತಾರಕ್ಕೆ, ಆರು ತಿಂಗಳ ರಸೀದಿ ಪುಸ್ತಕವನ್ನು ನೋಡಿದ ಮೇಲೆ ವಾಹನಕ್ಕೆ. ಹಳೆಯ ವಾಹನವನ್ನು ತಜ್ಞರಿಂದ ಪರೀಕ್ಷಿಸಿ ಕೊಳ್ಳಲು ಅವಕಾಶವಿರಲಿ, ಮೆಕ್ಯಾನಿಕ್‌ಗೇ ಹೊಸ ವಾಹನ ಕೊಳ್ಳೆಂದು ಒತ್ತಾಯಿಸುವುದರಲ್ಲಿ ಅರ್ಥವಿಲ್ಲ. ಸಹಾಯಧನದ ಮೊದಲು ಕಡ್ಡಾಯವಾಗಿರುವ ಉದ್ಯಮಶೀಲತಾ ತರಬೇತಿಯಲ್ಲಿ ತೂಕ, ವೈರಿಂಗ್ ಮತ್ತು ಸುರಕ್ಷತೆಯ ಪಾಠವನ್ನು ಸಮೀಪದ ಐಟಿಐಯ ಬೋಧಕರಿಂದಲೇ ಹೇಳಿಸಿ, ಸಜ್ಜಾದ ವಾಹನವನ್ನು ಅವರಿಂದಲೇ ಒಮ್ಮೆ ಪರಿಶೀಲಿಸಿ. ನಿವೃತ್ತರಾದ ನಮ್ಮಂಥವರನ್ನು ಕರೆದರೆ ಸಂಭಾವನೆಯ ಮಾತಿಲ್ಲದೆ ಬರುತ್ತೇವೆ. ಸಕ್ಕರೆ ಕಾರ್ಖಾನೆಗಳ ಆಡಳಿತದವರು ಹಂಗಾಮಿನ ದಿನಗಳಲ್ಲಿ ಕಬ್ಬಿನ ಗಾಡಿಗಳು ಸಾಲು ನಿಲ್ಲುವ ಅಂಗಳದ ಬಳಿ ಇಂಥ ಒಂದೆರಡು ವಾಹನಗಳಿಗೆ ನೆರಳಿನ ಜಾಗ ಕೊಟ್ಟು, ಅವರ ದೂರವಾಣಿ ಸಂಖ್ಯೆಯನ್ನು ಕಬ್ಬು ಕಟಾವಿನ ಚೀಟಿಯ ಹಿಂದೆ ಮುದ್ರಿಸಿಕೊಟ್ಟರೆ ಕಾರ್ಖಾನೆಗೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಈ ವರ್ಷದ ಕಟಾವು ಆರಂಭವಾಗುವ ಮುನ್ನವೇ ಇದನ್ನು ಮಾಡಲು ಸಾಧ್ಯವಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ (ಡೀಸೆಲ್ ಮೆಕ್ಯಾನಿಕ್ ವಿಭಾಗ),
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ